ದೇವಿಕಾಳ ಡ್ರಿಲ್ ಮಷಿನ್

ಆಟಿಕೆ ಡ್ರಿಲ್ ಮಷಿನ್ನಿಗೆ ಸೆಲ್ ಹಾಕಲು ನಿಜವಾದ ಸ್ಕ್ರೂಡ್ರೈವರ್ ಬೇಕೆಂದು ಪ್ರಭುರಾಜ ಮೇಷ್ಟ್ರಿಗೆ ಗೊತ್ತಾದದ್ದು ಆಯುಧ ಪೂಜೆಯ ಮಧ್ಯಾಹ್ನ. ಅಷ್ಟೊತ್ತಿಗೆ ಮಾನ್ವಿ ಊರಿನ ಸ್ಕ್ರೂಡ್ರೈವರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವಿನ ಕೆಳಗೆ ಹಾಯಾಗಿ ಮಲಗಿದ್ದವು.

ರಾಯಚೂರಿನಿಂದ ತಂದ ಸೆಟ್ಟೇನೋ ಭರ್ಜರಿಯಾಗಿತ್ತು. ಡ್ರಿಲ್ಲಿನ ಜೊತೆ ಪ್ಲಾಸ್ಟಿಕ್ ಸುತ್ತಿಗೆ, ಗರಗಸ, ಪಾನಾ, ಹಳದಿ ಟೋಪಿ. ಸ್ಕ್ರೂಡ್ರೈವರೂ ಇತ್ತು, ಆದರೆ ಸೆಲ್ಲಿನ ಮುಚ್ಚಳದ ಸ್ಕ್ರೂಗೆ ಇಟ್ಟು ತಿರುವಿದರೆ ಸ್ಕ್ರೂ ಕದಲಲಿಲ್ಲ, ಸ್ಕ್ರೂಡ್ರೈವರಿನ ಮೂತಿಯೇ ಸೊಟ್ಟಗಾಯಿತು. ನಾಲ್ಕು ವರ್ಷದ ಮಗಳು ದೇವಿಕಾ ಟೋಪಿ ಹಾಕಿಕೊಂಡು ನಡುಮನೆಯಲ್ಲಿ ಧರಣಿ ಕುಳಿತಳು.

“ಇದು ಗರ್ರ್ ಅನ್ನತನಾ ನಾ ಉಣ್ಣಂಗಿಲ್ಲ!”

“ಕೂಸು ಉಣ್ಣತನಾ ಯಾರಿಗೂ ಹೋಳಿಗಿ ಇಲ್ಲ,” ಎಂದು ಹೆಂಡತಿ ಸುಮಂಗಲಾ ಡಬ್ಬಿ ಮುಚ್ಚಿಬಿಟ್ಟಳು. ಪೂಜೆ ಮುಗಿಯಲೆಂದು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ಮೇಷ್ಟ್ರಿಗೆ ತುಪ್ಪದ ವಾಸನೆಗೇ ತಲೆ ತಿರುಗಿತು.

ಅವರು ಮೆಲ್ಲಗೆ ದೇವರ ಮನೆಯತ್ತ ಕೈ ಚಾಚಿದರು. ಅಲ್ಲಿ ಬೈಕಿನ ಕೀಲಿ, ಕತ್ತರಿ, ಈಳಿಗೆಗಳ ಜೊತೆ ಮನೆಯ ಸ್ಕ್ರೂಡ್ರೈವರೂ ಹೂ ಮುಡಿದಿತ್ತು. ತಾಯಿ ಬಾಲಮ್ಮ ಅದರ ಪಕ್ಕದಲ್ಲೇ ಕಾವಲು ಕುಳಿತಿದ್ದಳು.

“ಮುಟ್ಟೀ ಮತ್ತ! ಇವತ್ತ ಆಯುಧಕ್ಕ ಸೂಟಿ. ದುಡಿದಿದ್ದಕ್ಕ ಕುಂಕುಮ ಹಚ್ಚಿದ್ವಿ ಅಂದ್ರ ನಾಳಿ ಮುಂಜಾನಿತನಾ ಅದು ಅಲುಗಬಾರ್ದು.”

ಟೋಪಿಯೊಳಗಿನ ಎರಡು ಕಣ್ಣು ಇದನ್ನೆಲ್ಲ ನೋಡುತ್ತಿದ್ದವು.

ಮೇಷ್ಟ್ರು ಎದುರು ಮನೆಯ ಎಲೆಕ್ಟ್ರಿಷಿಯನ್ ತಿರುಪತಿಯ ಬಳಿ ಓಡಿದರು.

“ಆಗಂಗಿಲ್ಲ ಸರ್. ಹ್ವಾದ ವರ್ಷ ಇದೇ ದಿನ ಯಾರಿಗೋ ಇಕ್ಕಳ ಕೊಟ್ಟೆ. ವರ್ಷಪೂರ್ತಿ ಮುಟ್ಟಿದಲ್ಲೆಲ್ಲ ಕರೆಂಟ್ ಹೊಡೀತ್ರಿ! ನಡೀರಿ, ಬರೇ ಕೈಲೆ ತಗಿಯೂಣು,” ಎಂದು ತಿರುಪತಿ ತಾನೇ ಹೊರಟ.

ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಪಕ್ಕದ ಕುಬ್ರಾ ಬೇಗಂ ಮನೆಯಲ್ಲಿ ಈ ಪೂಜೆಯ ತೊಡಕೇ ಇಲ್ಲವಲ್ಲ! ಅವಳ ಮಗನದು ಗ್ಯಾರೇಜು ಬೇರೆ.

ಕುಬ್ರಾ ಬೇಗಂ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅರೆ ಪ್ರಭುರಾಜ, ಗಿರಾಕಿ ಸುಮ್ಮನ ಬಿಡ್ತಾರೇನಪಾ? ನಮ್ಮ ಗ್ಯಾರೇಜಿನ್ಯಾಗ ನಿಮಗಿಂತ ಜೋರು ಪೂಜಿ ಆಗ್ಯಾದ. ಎಲ್ಲಾ ಪಾನಾ ಹೂವಿನ್ಯಾಗ ಮುಚ್ಚಿಹೋಗ್ಯಾವ. ತಡಿ, ನಾನೂ ಬರ್ತೀನಿ.”

ನೋಡನೋಡುತ್ತ ನಡುಮನೆ ಸಂತೆಯಾಯಿತು. ತಿರುಪತಿ ಹೆಬ್ಬೆರಳಿನ ಉಗುರು ಸ್ಕ್ರೂಗೆ ಇಟ್ಟು ಹಲ್ಲು ಕಚ್ಚಿ ತಿರುವಿದ. ಉಗುರು ಸೀಳಿತು.

“ಯಪ್ಪಾ! ನೇಲ್ ಕಟ್ಟರ್ ತರ್ರಿ ಸರ್!”

ಕಪಾಟಿನಿಂದ ನೇಲ್ ಕಟ್ಟರ್ ತಂದ ಮೇಷ್ಟ್ರು ಅದರ ಅರದ ಮೊನೆ ನೋಡಿ ಅಲ್ಲೇ ನಿಂತರು. ಊರೆಲ್ಲ ಹುಡುಕಿದರೂ ಸಿಗದ, ಕುಂಕುಮ ಕಾಣದ ಕಬ್ಬಿಣ ಅವರ ಕೈಯಲ್ಲೇ ಇತ್ತು! ತಿರುಪತಿಯ ಉಗುರನ್ನು ಅಲ್ಲಿಗೇ ಬಿಟ್ಟು ಮೊನೆಯನ್ನು ಸ್ಕ್ರೂಗೆ ಒತ್ತಿ ತಿರುವಿದರು. ಸ್ಕ್ರೂ ಕಿರ್ ಎಂದಿತು, ಕದಲಿತು, ಈಚೆ ಬಂತು. ಸೆಲ್ ಒಳಗೆ ಬಿತ್ತು.

ಗರ್ರ್ರ್!

“ಹೋ!” ಎಂದು ಮನೆ ಎದ್ದು ಕುಣಿಯಿತು. ಕಲ್ಲೂರಿನ ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದರೂ ಮೇಷ್ಟ್ರಿಗೆ ಇಂಥ ಚಪ್ಪಾಳೆ ಬಿದ್ದಿರಲಿಲ್ಲ. ದೇವಿಕಾ ಡ್ರಿಲ್ ಕಸಿದುಕೊಂಡು ಒಮ್ಮೆ ಗರ್ರ್ ಅನ್ನಿಸಿ ದೇವರ ಮನೆಗೆ ಓಡಿದಳು. ಅದಕ್ಕೆ ಕುಂಕುಮ ಹಚ್ಚಿ, ಹೂ ಇಟ್ಟು, ಸ್ಕ್ರೂಡ್ರೈವರಿನ ಪಕ್ಕ ಮಲಗಿಸಿದಳು.

“ದುಡೀತಲ್ಲ, ಈಗ ಸೂಟಿ!”

“ಎಷ್ಟ್ ಶಾಣ್ಯಾ ಅದ ನನ್ನ ಕೂಸು!” ಎಂದು ಬಾಲಮ್ಮ ದೃಷ್ಟಿ ತೆಗೆದಳು. ಸುಮಂಗಲಾ ಡಬ್ಬಿ ತೆರೆದಳು. ಎಲ್ಲರಿಗೂ ತಾಟು ಬಂದವು, ಹೋಳಿಗೆಯ ಮೇಲೆ ತುಪ್ಪ ಹರಿಯಿತು.

“ಯಪ್ಪಾ, ಸ್ಕ್ರೂ ತಗದದ್ದು ಯಾರು?” ದೇವಿಕಾ ಕೇಳಿದಳು.

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಹೋಳಿಗೆಗೆ ಚಾಚಿದ್ದ ಬಲಗೈಯನ್ನೇ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು. “ಮತ್ಯಾರವ್ವಾ? ಈ ಕೈ!”

ದೇವಿಕಾ ಮತ್ತೆ ದೇವರ ಮನೆಗೆ ಓಡಿದಳು. ಬಂದವಳೇ ಅಪ್ಪನ ಅಂಗೈ ತುಂಬ ಕುಂಕುಮ ಬಳಿದು, ನಡುವೆ ಒಂದು ಚೆಂಡುಹೂ ಇಟ್ಟಳು.

“ಇದಕ್ಕೂ ಸೂಟಿ. ನಾಳಿತನಾ ಅಲುಗಬಾರ್ದು.”

ಮೇಷ್ಟ್ರು ತಾಯಿಯ ಮುಖ ನೋಡಿದರು.

“ಕೂಸು ಮಾಡಿದ ಪೂಜಿ, ಒರಸಬ್ಯಾಡಪಾ,” ಎಂದಳು ಬಾಲಮ್ಮ ಕೈ ಮುಗಿದು. ತಿರುಪತಿ ಮಾತ್ರ ಮೇಷ್ಟ್ರ ತಾಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

“ಆರಿದ ಮ್ಯಾಲ ಹೋಳಿಗಿ ಚಲೋ ಇರಂಗಿಲ್ರಿ ಸರ್.”