ಮೊಬೈಲ್ ಗಂಟಿಗೆ ಓಡಿದ ಖೋ ಖೋ ತಂಡ

ಆಟದ ಮಾಸ್ತರಗ ಸಿಟ್ಟು ಬರಸಾಕ ಯಾರೂ ಮುಹೂರ್ತ ನೋಡೂದಿಲ್ಲ. ಬಾಗೇವಾಡಿ ಕಡೆ ಹೈಸ್ಕೂಲಿನ್ಯಾಗ ನಾ ಪಿಟಿ ಮಾಸ್ತರ ಇದ್ದಾಗ ದಿನಾ ಒಬ್ಬರರ ನನ್ನ ಪಿತ್ತ ನೆತ್ತಿಗೇರಸವರ.

ಸಿಡಿ ವ್ಯಾಯಾಮ

ಸಾಲಿಗೆ ಹೊಸಾ ಕಂಪ್ಯೂಟರ್ ಬಂದಿತ್ತು. ನಮ್ಮ ಹೆಡ್ ಮಾಸ್ತರು ಎಲ್ಲಿಂದಲೋ ವ್ಯಾಯಾಮದ ಸಿಡಿ ತಂದು, "ಬಿಸಲಾಗ ಯಾಕ ಸಾಯ್ತೀರಿ? ಇದನ್ನ ತೋರಸ್ರಿ, ಕಲೀತಾರ" ಅಂದ್ರು. ಹುಡುಗೂರು ಚಾಪಿ ಮ್ಯಾಲೆ ಕುಂತು, ಸೇಂಗಾ ತಿನಕೋತ, ಮಂದಿ ಜಿಗಿಯೂದು ನೋಡಿದ್ವು. ವಾರ ಬಿಟ್ಟು ಮೈದಾನಕ್ಕ ಕರಕೊಂಡು ಹೋಗಿ ಒಬ್ಬಗ, "ಕಲ್ತದ್ದು ಮಾಡಿ ತೋರಸಲೇ" ಅಂದೆ.

ಅಂವಾ ಕೈ ಕಟ್ಟಿಕೊಂಡು ನಿಂತು, "ಕರೆಂಟ್ ಇಲ್ಲಲ್ರಿ ಸರ್" ಅಂದ.

ಕಚ್ಚದ ಹಾವು

ಆ ವರ್ಷ ಹೆಡ್ ಮಾಸ್ತರು ಖಡಾಖಂಡಿತ ಹೇಳಿಬಿಟ್ರು: "ತಾಲೂಕು ಖೋ ಖೋದಾಗ ಸೋತ್ರ ಆಟದ ಪಿರಿಯಡ್ ಗಣಿತಕ್ಕ ಹೋಗ್ತೇತಿ." ಮಕ್ಕಳಿಗೆ ಇದ್ದದ್ದೇ ಅದೊಂದು ಪಿರಿಯಡ್. ಚಲೋ ಓಡೂ ಹುಡುಗ ಒಬ್ಬ ಇದ್ದ, ಅಂವಾ ಅವರಪ್ಪನ ಅರಬಿ ಅಂಗಡ್ಯಾಗ ಬಟ್ಟಿ ಥಾನಿನ ನಡುವ ಕುಂತು ಮೊಬೈಲಿನ್ಯಾಗ ಹಾವಿನ ಆಟ ಆಡ್ತಿದ್ದ. ಹುಡುಗನ್ನ ಆಡಾಕ ಕಳಸ್ರಿ ಅಂತ ಅಪ್ಪಗ ಹೇಳಾಕ ಹೋದೆ.

"ಸರ್, ನಿಮ್ಮ ಆಟದಾಗ ಮೊಣಕಾಲು ಒಡೀತಾವು. ಈ ಹಾವು ಕಚ್ಚೂದಿಲ್ಲಲ್ರಿ" ಅಂದ ಆ ಪುಣ್ಯಾತ್ಮ.

ಓಡಸೂ ಉಪಾಯ

ಸಿಟ್ಟಿನ್ಯಾಗ ನಾನೂ ಒಂದು ಮೊಬೈಲ್ ತಗೊಂಡೆ. ಮೈದಾನದ ಅಂಚಿನ್ಯಾಗ ನಿಂತು ಅದರ ಗಂಟಿ ಬಾರಸ್ತಿದ್ದೆ. ಮೊದಲು ಬಂದು ನನ್ನ ಮುಟ್ಟಿದಾಂವಗ ಹಾವಿನ ಆಟ. ಬೇವಿನ ಗಿಡದ ಬುಡಕ ಮಲಗೂ ಹುಡುಗೂರೂ ಕುದುರಿ ಆದ್ವು. ಒಬ್ಬನ ಆಡಿ ಬ್ಯಾಸತ್ತು ಅರಬಿ ಅಂಗಡಿ ಹುಡುಗನೂ ಬಂದ. ತಂಡ ತಯಾರಾತು.

ಪಂದ್ಯದ ದಿನ ಎದುರಿಗೆ ಆಲಮಟ್ಟಿ ಕಡೆಯವರು. ನಮ್ಮವರು ಸಾಲಾಗಿ ಕುಂತು ಬೆನ್ನಟ್ಟೂ ಸರದಿ. ಅವರ ಕಡೇ ಆಟಗಾರ ದಣಿದು ಕೈಗೆ ಸಿಗೂ ಹಂಗಾಗಿದ್ದ. ಅಂವನ್ನ ಮುಟ್ಟಿದ್ರ ಪಂದ್ಯ ನಮ್ದು. ಆವಾಗ ನನ್ನ ಕಿಸೆದಾಗ ಮೊಬೈಲ್ ಗಂಟಿ ಹೊಡಕೊಂತು.

ಕುಂತವರೆಲ್ಲಾ ಎದ್ರು. ಬೆನ್ನಟ್ಟಾಂವನೂ ನನ್ನ ಕಡೆ ತಿರುಗಿದ. ಸಿಕ್ಕಬೀಳಬೇಕಾದಾಂವ ನಡು ಮೈದಾನದಾಗ ಒಬ್ಬನ ನಿಂತು ಪಿಳಿಪಿಳಿ ನೋಡಾಕತ್ತಿದ್ದ. "ಹೊಳ್ಳಿ ಹೋಗ್ರಲೇ ಕತ್ತೆಗೋಳ್ರ್ಯಾ" ಅಂತ ಒದರಿದೆ. ಯಾರು ಕೇಳ್ತಾರ? ಫೋನ್ ಎತ್ತಿದ್ರ ಹೆಡ್ ಮಾಸ್ತರು.

"ಹೆಂಗ್ರಿ, ನಮ್ಮ ಹುಡುಗೂರು ಓಡಾಕತ್ತಾರೇನು?"

"ಓಡಾಕತ್ತಾರ್ರಿ ಸರ್, ಜನ್ಮದಾಗ ಹಿಂಗ ಓಡಿದ್ದಿಲ್ಲ" ಅಂದೆ ಹಲ್ಲು ಕಡಕೋತ. "ಆದ್ರ ನಿಮ್ಮ ಫೋನ್ ಕಡೆ ಓಡಾಕತ್ತಾರ. ಗಣಿತದ ಮಾಸ್ತರಗ ಪಿರಿಯಡ್ ಕೊಟ್ಟಬಿಡ್ರಿ."