ಅಜ್ಜನ ಒಪ್ಪಿಗೆ

ಕಾಗೆ ಬರಲಿಲ್ಲ. ಗೋಳು ಶುರುವಾದದ್ದು ಅಲ್ಲಿಂದ.

ಸರಿಯಾಗಿ ಹೇಳಬೇಕೆಂದರೆ, ಬಂದಿತ್ತು, ಎಲೆ ಮುಟ್ಟಲಿಲ್ಲ. ಪಂಜದ ಶ್ಯಾಮ ಭಟ್ಟರ ಮನೆಯಲ್ಲಿ ಅಂದು ಅವರ ತಂದೆಯ ತಿಥಿ. ಅಂಗಳದ ತುದಿಯಲ್ಲಿ ಬಾಳೆಲೆ, ಅದರಲ್ಲಿ ಅನ್ನ, ವಡೆ, ಸಿಹಿಗೆ ಸುಕ್ರುಂಡೆ. ಕಾಗೆ ಕೊಕ್ಕು ತಾಗಿಸದೆ ಮನೆಯಲ್ಲಿ ಯಾರಿಗೂ ಊಟ ಇಲ್ಲ.

"ನೀನೇ ಕರಿ ಮಾರಾಯ. ಕಾಗೆಯನ್ನೇ ಓದುದಲ್ವಾ ನೀನು?" ಎಂದು ಭಟ್ಟರು ಜಗಲಿಯಲ್ಲಿ ನಿಂತಿದ್ದ ಮಗನನ್ನು ಅಂಗಳಕ್ಕೆ ನೂಕಿದರು.

ಮಗ ವಿಷ್ಣುಪ್ರಸಾದ ಪ್ರಾಣಿವರ್ತನೆಯ ವಿಷಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ. ಕಾಗೆಗಳು ಮನುಷ್ಯರ ಮುಖವನ್ನು ನೆನಪಿಟ್ಟುಕೊಳ್ಳುತ್ತವೆಯೇ ಎಂಬುದು ಅವನ ಪ್ರಶ್ನೆ. ಅದಕ್ಕಾಗಿ, ಮನೆಯವರೆಲ್ಲ ಮದುವೆಗೆ ಹೋಗಿದ್ದ ಒಂದು ದಿನ ಹಿತ್ತಿಲಲ್ಲಿ ಬಲೆ ಒಡ್ಡಿ ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ ಬಿಟ್ಟಿದ್ದ. ಅರಣ್ಯ ಇಲಾಖೆಯ ಅನುಮತಿ ಇತ್ತು. ಅಮ್ಮನದು ಇರಲಿಲ್ಲ.

"ಕಾಗೆ ಅಂದ್ರೆ ಹಿರಿಯರು. ದೂರದಿಂದ ನೋಡು. ಮುಟ್ಟಿದ್ದು ಗೊತ್ತಾದ್ರೆ ಓದು ಅಲ್ಲಿಗೇ ಬಂದ್" ಎಂದು ಅಮ್ಮ ಸತ್ಯವತಿ ಮೊದಲೇ ಹೇಳಿದ್ದರು. ಹಾಗಾಗಿ ಪಿಎಚ್.ಡಿ. ಮಾಡುವ ಆಸೆಯನ್ನು ಅವನು ಇನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅವರು ಆಗಲೇ ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದಿಟ್ಟಿದ್ದರು.

ಪ್ರಶ್ನೆಗೆ ಉತ್ತರವಂತೂ ಸಿಕ್ಕಿತ್ತು. ನೆನಪಿಟ್ಟುಕೊಳ್ಳುತ್ತವೆ. ಬಲೆಗೆ ಬಿದ್ದವು ಮಾತ್ರವಲ್ಲ, ಬೀಳದವೂ. ಬಾಯೊಳಗಿನ ಕೆಂಪು ಇನ್ನೂ ಮಾಸದ ಮರಿಗಳು ಸಹ ದೊಡ್ಡವರಿಂದ ಪಾಠ ಕಲಿತು ಅವನನ್ನು ಬೈಯುತ್ತಿದ್ದವು. ಎಂಥ ಗುರುಗಳು, ಎಂಥ ಶಿಷ್ಯರು ಎಂದು ಅವನು ತಲೆ ಮುಚ್ಚಿಕೊಂಡೇ ಮೆಚ್ಚಿಕೊಳ್ಳುತ್ತಿದ್ದ.

ಈಗಲೂ ಅದೇ ಆಯಿತು. ಅವನು ಅಂಗಳಕ್ಕೆ ಇಳಿದದ್ದೇ ತಡ, ಗ್ರಾಮಸಭೆಯಲ್ಲಿ ನಳ್ಳಿ ನೀರಿನ ವಿಷಯ ಎತ್ತಿದ ಹಾಗೆ ಗಲಾಟೆ ಎದ್ದಿತು. ಒಂದು ಕಾಗೆ ಬೀಸಿ ಬಂದು ನೆತ್ತಿಗೆ ಕುಕ್ಕಿ ಹೋಯಿತು.

ಬೇಲಿಯಾಚೆಯಿಂದ ನೆರೆಮನೆಯ ಪಂಕಜಾಕ್ಷಿ ಕತ್ತು ಉದ್ದ ಮಾಡಿದಳು. "ಸತ್ಯಕ್ಕಾ, ಅಜ್ಜನಿಗೆ ಮಾಣಿಯ ಮೇಲೆಯೇ ಎಂತದೋ ಉಂಟು. ನೋಡಿ, ಅವನ ತಲೆಗೇ ಬರುದು!"

ಭಟ್ಟರು ಕೈ ಮುಗಿದರು. "ಅಪ್ಪಾ, ಎಂತ ಆಸೆ ಉಳಿದಿದೆ? ನಿಮ್ಮ ರೇಡಿಯೋ ರಿಪೇರಿ ಮಾಡಿಸ್ತೇನೆ." ಕಾಗೆ ಬರಲಿಲ್ಲ. "ಕಾಶಿಗೆ ಹೋಗ್ತೇನೆ." ಕಾಶಿಗೂ ಜಗ್ಗಲಿಲ್ಲ.

ಸತ್ಯವತಿಯ ಕಣ್ಣು ಮಗನ ಮೇಲೆ ನೆಟ್ಟಿತು. "ವಿಷ್ಣು, ಕಾಗೆಗೆ ನೀನು ಎಂತ ಮಾಡಿದ್ದಿ?"

ಅವನು ನೆತ್ತಿ ಉಜ್ಜಿಕೊಂಡ. ಆಗಲೇ ಒಂದು ಉಪಾಯ ಹೊಳೆಯಿತು. ಕಾಗೆಗಳಿಗೆ ಸಿಟ್ಟಿರುವುದು ತನ್ನೊಬ್ಬನ ಮುಖದ ಮೇಲೆ. ಮುಖ ಮರೆಯಾದರೆ ಸಿಟ್ಟೂ ಮರೆ. ಅವನು ಎಲೆಯ ಮುಂದೆ ಕೈ ಮುಗಿದು ಗಟ್ಟಿಯಾಗಿ ಹೇಳಿದ: "ಅಜ್ಜ, ಕಾಗೆಯ ಮೇಲೆಯೇ ಪಿಎಚ್.ಡಿ. ಮಾಡ್ಬೇಕು ಅಂತ ಉಂಟು ನನಗೆ. ನಿಮ್ಮ ಒಪ್ಪಿಗೆ ಇದ್ರೆ ಉಣ್ಣಿ. ನಾನು ಎದುರು ನಿಲ್ಲುದಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿ ಕಿಟಕಿಯ ಕೆಳಗೆ ಕುಳಿತ. ಗಲಾಟೆ ನಿಂತಿತು. ರೆಕ್ಕೆ ಬಡಿದ ಸದ್ದು.

"ಓ! ಮುಟ್ಟಿತು, ಮುಟ್ಟಿತು!" ಭಟ್ಟರು ಕೂಗಿದರು. ಸತ್ಯವತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾವನೇ ಒಪ್ಪಿದ ಮೇಲೆ ಬೇಡ ಅನ್ಲಿಕ್ಕೆ ನಾನು ಯಾರು?"

ವಿಷ್ಣುಪ್ರಸಾದ ಕುಳಿತಲ್ಲೇ ಮೈ ಕುಣಿಸಿದ. ಒಂದು ಸಿದ್ಧಾಂತ ಇಷ್ಟು ಚಂದವಾಗಿ ಫಲ ಕೊಟ್ಟದ್ದನ್ನು ಅವನು ಯಾವ ಪ್ರಯೋಗದಲ್ಲೂ ಕಂಡಿರಲಿಲ್ಲ.

ಆದರೆ ಹಸಿದ ಕಾಗೆಗಳು ಒಂದು ತುತ್ತಿಗೆ ಎದ್ದು ಹೋಗುವುದಿಲ್ಲ. ಹೊರಗೆ ಮತ್ತೆ ಅಮ್ಮನ ದನಿ ಕೇಳಿತು.

"ಮಾವ, ಪಿಎಚ್.ಡಿ. ಮಾಡ್ಲಿ. ಆದ್ರೆ ಮೊದಲು ಬ್ಯಾಂಕಿಗೆ ಸೇರಿ ನಾಲ್ಕು ವರ್ಷ ಕೆಲಸ ಮಾಡಿ, ಮತ್ತೆ. ಆಗಬಹುದಾ?"

"ವಡೆ ತೆಗೆಯಿತು!" ಎಂದರು ಭಟ್ಟರು. ಅವರಿಗೂ ಹುರುಪು ಬಂತು. "ಅಪ್ಪಾ, ಮರ್ಕಂಜದ ಭವಿತಾಳ ಜಾತಕ ಬಂದುಂಟು. ಅವಳನ್ನು ಇವನಿಗೆ ತರುವಾ?"

"ಸುಕ್ರುಂಡೆ! ಇಡೀ ಒಂದು!" ಪಂಕಜಾಕ್ಷಿ ಬೇಲಿ ದಾಟಿಯೇ ಬಂದಳು. "ಅಜ್ಜಾ, ನಮ್ಮ ಮಗಳು ತೃಪ್ತಿ ಲೆಕ್ಕದಲ್ಲಿ ಭಾರೀ ಹಿಂದೆ. ಮಾಣಿ ದಿನಾ ಸಂಜೆ ಹೇಳಿಕೊಡ್ಲಿ, ಅಲ್ವಾ? ಓ, ಓ, ಅನ್ನ ತಿಂತಾ ಉಂಟು!"

ವಿಷ್ಣುಪ್ರಸಾದ ಬಾಗಿಲು ತೆರೆದು ಓಡಿ ಬಂದ. "ನಿಲ್ಲಿಸಿ! ಅದು ಅಜ್ಜ ಅಲ್ಲ, ಅದು ನಾನು..."

ಕಾಗೆಗಳು ಒಟ್ಟಿಗೆ ಎದ್ದವು.

"ನೀನು ಎಂತ?" ಅಮ್ಮ ಕೇಳಿದರು.

ಬಲೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ನಾಲ್ಕು ವರ್ಷದ ಮೇಲಿನ ಪಿಎಚ್.ಡಿ.ಯೂ ಇಲ್ಲ. ಅವನು ಅದನ್ನು ನುಂಗಿಕೊಂಡ. "ಎಂತ ಇಲ್ಲ. ನನಗೆ ಬ್ಯಾಂಕೂ ಬೇಡ, ಮದುವೆಯೂ..."

ಠಕ್! ಬಾಯಿ ಕೆಂಪಗಿನ ಒಂದು ಮರಿ ನೆತ್ತಿಗೇ ಕುಕ್ಕಿತು. ಏನು ಗುರಿ, ಎಂದು ನೋವಿನಲ್ಲೂ ಅವನಿಗೆ ಅನಿಸಿತು.

"ನೋಡಿದ್ಯಾ?" ಸತ್ಯವತಿ ಮರಿಗೆ ಕೈ ಮುಗಿದರು. "ಮಾತು ಮೀರಿದ್ರೆ ಮಾವ ಸುಮ್ಮನಿರುದಿಲ್ಲ."

ಭಟ್ಟರು ಬಗ್ಗಿ ಎಲೆ ನೋಡಿದರು.

"ನೀನು ಒಳಗೆ ಹೋಗು ಮಾರಾಯ. ಇನ್ನೂ ಒಂದು ವಡೆ ಉಂಟು. ಮುಹೂರ್ತ ಕೇಳುದು ಬಾಕಿ."