ಐವರ್ ಗ್ವಿಲಿಮ್ ಕೋಟೆ ನುಣ್ಣಗೆ ಮಾಡಿದ್ದು

ಟ್ಯಾರೊ ಊರಿನ ಕೋಟೆಯಲ್ಲಿ ಕಲ್ಲಿಲ್ಲ, ಗೋಡೆಯಿಲ್ಲ. ಮರದ ಬುರುಜು ಎಂದೋ ಸುಟ್ಟುಹೋಗಿ, ಒಂಬೈನೂರು ವರ್ಷದಿಂದ ಒಂದು ಮಣ್ಣಿನ ದಿಬ್ಬ, ಸುತ್ತ ಕಂದಕ, ಇಷ್ಟೇ ಉಳಿದಿದೆ. ಆದರೂ ಅದರ ಸುದ್ದಿ ಬಂದರೆ ಊರವರ ಎದೆ ಒಂದಂಗುಲ ಮುಂದೆ ಬರುತ್ತದೆ. ಅಂಥ ದಿಬ್ಬಕ್ಕೆ ಮೋಲ್‌ಗಳು ಹೊಕ್ಕಿದ್ದವು. ಹೆಗ್ಗಣದಂತೆ ನೆಲ ಕೊರೆದು ಕಂಡಲ್ಲೆಲ್ಲ ಮಣ್ಣು ಗುಡ್ಡೆ ಹಾಕುವ ಜಾತಿ.

ಅಂದು ಮಧ್ಯಾಹ್ನ ಪುರಾತತ್ವದ ಡಾಕ್ಟರ್ ಹ್ಯಾಡ್ಲಿ ಮೇಡಂ ಬರುವವರಿದ್ದರು. ಅವರಿಗೆ ಹಳೇ ಕಾಲದ್ದೇನಾದರೂ ಸಿಕ್ಕರೆ ಹೆದ್ದಾರಿಯಲ್ಲಿ ಕೋಟೆಯ ಫಲಕ. ಸಿಗದಿದ್ದರೆ ಪಕ್ಕದೂರಿನವರ ನಗು.

ಅಂಚೆಕಚೇರಿಯ ಮಿಸೆಸ್ ಬೀವನ್ ಬೆಳಗಾಗುತ್ತಲೇ ಐವರ್ ಗ್ವಿಲಿಮನ ಬಾಗಿಲು ಬಡಿದಳು. ಮೋಲ್ ಹಿಡಿಯುವುದು ಅವನಿಗೆ ಅಜ್ಜನಿಂದ ಬಂದ ಕಸುಬು.

"ಏಳಯ್ಯಾ ಐವರ್! ನಮ್ಮ ಕೋಟೆ ಮುಖಕ್ಕೆ ಮೊಡವೆ ಎದ್ದಂಗಿದೆ. ದೊಡ್ಡೋರು ನೋಡಿದ್ರೆ ಏನಂದಾರು?"

ಹನ್ನೊಂದರೊಳಗೆ ಐವರ್ ಏಳು ಮೋಲ್ ಹಿಡಿದ. ಗುಡ್ಡೆಗಳನ್ನೆಲ್ಲ ಕುಂಟೆಯಲ್ಲಿ ಎಳೆದು, ಕ್ರಿಕೆಟ್ ಮೈದಾನದ ರೋಲರ್ ತಂದು ಉರುಳಿಸಿದ. ದಿಬ್ಬ ಬೋಳುತಲೆಯಂತೆ ಮಿರುಗಿತು.

ಅಷ್ಟರಲ್ಲಿ ಮಿಸೆಸ್ ಬೀವನ್ ಏದುಸಿರು ಬಿಡುತ್ತ ಓಡಿಬಂದಳು. "ಡಾಕ್ಟ್ರು ಫೋನ್ ಮಾಡಿದ್ರು! ಕೋಟೇಲಿ ಮನುಷ್ಯರು ಅಗೆಯೋದು ಕಾನೂನಿಗೆ ವಿರುದ್ಧವಂತೆ. ಮೋಲ್ ಎತ್ತಿಹಾಕಿದ ಮಣ್ಣು ಮಾತ್ರ ಜರಡಿ ಹಿಡೀಬಹುದಂತೆ. ಅದಕ್ಕೇ ಬರ್ತಿರೋದು! ಎಂಥ ಕೆಲಸ ಮಾಡಿದೆ ಮಾರಾಯ!"

"ನೀವೇ ಹೇಳಿದ್ದಲ್ವಾ?"

"ಗುಡಿಸು ಅಂದೆ, ಬೋಳಿಸು ಅಂದ್ನಾ?"

ಊರೇ ಅವನ ಮೇಲೆ ಬಿತ್ತು. ಐವರ್‌ಗೆ ಅವಮಾನದಿಂದ ಕಿವಿ ಕೆಂಪಾಯಿತು. ಅಜ್ಜನ ಹೆಸರಿಗೇ ಮಸಿ! ದಿಬ್ಬದ ಬುಡದಲ್ಲೇ ಇದ್ದ ತನ್ನ ಹಿತ್ತಲಿಗೆ ಓಡಿ, ಈರುಳ್ಳಿ ಪಾತಿಯಿಂದ ಆರು ಕೈಗಾಡಿ ಮಣ್ಣು ತಂದು ಗುಡ್ಡೆ ಹಾಕಿದ. ಸ್ವತಃ ಮೋಲ್ ನೋಡಿದರೂ ತನ್ನದೇ ಎನ್ನಬೇಕು, ಹಾಗಿತ್ತು ಕೈಚಳಕ.

ಡಾಕ್ಟರ್ ಬಂದರು, ಜರಡಿ ಹಿಡಿದರು. ಎಂಟನೆಯ ಗುಡ್ಡೆಯಲ್ಲಿ ಹಸಿರು ಮೆರುಗಿನ ಹೂಜಿಯ ಹಿಡಿಯೊಂದು ಸಿಕ್ಕಿತು.

"ಕೋಟೆ ಕಾಲದ್ದೇ!" ಎಂದರು. ಜನ ಟೋಪಿ ಹಾರಿಸಿದರು. ಡಾಕ್ಟರ್ ಮಾತ್ರ ಮಣ್ಣು ಮೂಸಿದರು. "ಇದರಲ್ಲಿ ಈರುಳ್ಳಿ ಬೇರಿದೆಯಲ್ಲ?"

ಎಲ್ಲರೂ ಆಕಾಶ ನೋಡಿದರು. ಐವರ್‌ಗೆ ತಡೆಯಲಾಗಲಿಲ್ಲ. ತಾನು ಪಟ್ಟ ಶ್ರಮದ ಹೆಸರು ಮೋಲ್‌ಗೆ ಹೋಗುವುದೆಂದರೇನು? "ನನ್ನ ಹಿತ್ತಲ ಮಣ್ಣು ಮೇಡಂ. ಗುಡ್ಡೆ ಹಾಕಿದ್ದೂ ನಾನೇ."

"ಹಾಗಾದ್ರೆ ಕೋಟೆಯ ಅಂಗಳ ನಿಮ್ಮ ಹಿತ್ತಲಲ್ಲೇ ಇದೆ!" ಡಾಕ್ಟರ್ ಅವನ ಕೈ ಕುಲುಕಿದರು. "ಹೆದ್ದಾರಿಗೊಂದು, ನಿಮ್ಮ ಗೇಟಿಗೊಂದು ಫಲಕ ಹಾಕಿಸ್ತೀನಿ."

ಊರು ಅವನನ್ನು ಹೆಗಲ ಮೇಲೆ ಹೊತ್ತಿತು. ಕೋಟೆಯೊಳಗೆ ಬಾಳಿದ ವಂಶ! ಐವರ್ ಹೆಮ್ಮೆಯಿಂದ ಉಬ್ಬಿಹೋದ.

"ಆದ್ರೆ ಇವತ್ತಿನಿಂದ ನಿಮ್ಮ ಹಿತ್ತಲಲ್ಲೂ ಗುದ್ದಲಿ ಮುಟ್ಟೋ ಹಾಗಿಲ್ಲ," ಎಂದರು ಡಾಕ್ಟರ್. "ಅಗೆಯೋದೇನಿದ್ರೂ ಮೋಲ್‌ಗಳೇ. ನಿಮ್ಮಲ್ಲಿ ಎಷ್ಟಿವೆ?"

"ಮೂವತ್ತು ವರ್ಷದಿಂದ ಒಂದೂ ಸುಳಿದಿಲ್ಲ!" ಐವರ್ ಹೆಗಲ ಮೇಲಿಂದಲೇ ಎದೆ ತಟ್ಟಿಕೊಂಡ.

"ಅಯ್ಯೋ! ಹಾಗಾದ್ರೆ ಎಲ್ಲಿಂದಾದ್ರೂ ಒಂದಿಪ್ಪತ್ತು ತಂದು ಬಿಟ್ಟು, ಚೆನ್ನಾಗಿ ಸಾಕಿ ಮಿಸ್ಟರ್ ಗ್ವಿಲಿಮ್. ಅವನ್ನ ಹಿಡಿಯೋದ್ರಲ್ಲಿ ಈ ಸೀಮೇಲೇ ನಿಮ್ಮ ಸಮ ಇಲ್ವಂತೆ!"